ಷರತ್ತಿನ ಡ್ರಾಫ್ಟ್ ಪಿಕ್ ಇಟ್ಟು ಟ್ರೇಡ್: ಷರತ್ತು ಹೇಗೆ ಬರೆದರೆ ಜಗಳ ಆಗಲ್ಲ?

ಟ್ಯಾಕ್ಸಿ_ಸ್ಕ್ವಾಡ್:

ನಮ್ಮದು 12 ತಂಡಗಳ ಡೈನಾಸ್ಟಿ ಫ್ಯಾಂಟಸಿ ಫುಟ್‌ಬಾಲ್ ಲೀಗ್ (ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಆಟಗಾರರ ಅಂಕಿಅಂಶದಿಂದ ನಮಗೆ ಅಂಕ ಬರೋ ಆಟ; ಡೈನಾಸ್ಟಿ ಅಂದ್ರೆ ಆಟಗಾರರು ವರ್ಷದಿಂದ ವರ್ಷಕ್ಕೆ ನಮ್ಮ ತಂಡದಲ್ಲೇ ಉಳೀತಾರೆ). ಪೂರ್ತಿ ಪಿಪಿಆರ್ (ಪ್ರತಿ ಕ್ಯಾಚ್‌ಗೆ 1 ಅಂಕ), 4 ಸುತ್ತಿನ ರೂಕಿ ಡ್ರಾಫ್ಟ್ (ಹೊಸ ಆಟಗಾರರನ್ನ ಸರದಿಯಂತೆ ಆರಿಸೋದು, ಒಂದು ಸರದಿ ಅಂದ್ರೆ ಒಂದು ಪಿಕ್), 6 ತಂಡ ಪ್ಲೇಆಫ್‌ಗೆ, ಫೈನಲ್ 17ನೇ ವಾರ. ಎಸಿಎಲ್ (ಮೊಣಕಾಲಿನ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆ ಆಗಿರೋ ಒಬ್ಬ ರನ್ನಿಂಗ್ ಬ್ಯಾಕ್‌ನ (ಚೆಂಡು ಹಿಡಿದು ಓಡೋ ಆಟಗಾರ) ತಗೊಳ್ಳೋ ಮಾತು ನಡೀತಿದೆ. ಎದುರಿನವರು 2027ರ ಫಸ್ಟ್ (ಮೊದಲ ಸುತ್ತಿನ ಪಿಕ್) ಕೇಳ್ತಿದ್ದಾರೆ, ನಾನು ಸೆಕೆಂಡ್‌ಗೆ (ಎರಡನೇ ಸುತ್ತಿನದು) ನಿಂತಿದ್ದೀನಿ. ಈಗ ಇಬ್ಬರೂ ಒಪ್ಪಿರೋದು: ಸೆಕೆಂಡ್ ಕೊಡೋದು, ಆತ ಈ ಸೀಸನ್‌ನಲ್ಲಿ 10 ಪಂದ್ಯ ಆಡಿದರೆ ಅದು ಫಸ್ಟ್ ಆಗೋದು.

ಈ ಷರತ್ತು ಇಷ್ಟೇ ಸಾಕಾ? ನಮ್ಮ ಆ್ಯಪ್‌ನಲ್ಲಿ ಷರತ್ತು ನಮೂದಿಸೋಕೆ ಜಾಗವೇ ಇಲ್ಲ, ಹಾಗಾದ್ರೆ ಈಗ ಯಾವ ಪಿಕ್ ಕಳಿಸಬೇಕು? ಬೆಲೆ ಸರಿ ಇದೆಯಾ ಅಂತ ಹೇಗೆ ನೋಡೋದು?

ನಾಲ್ಕನೇ_ಡೌನ್:

"ಆಡಿದರೆ" ಅನ್ನೋ ಪದದಿಂದಲೇ ತಕರಾರು ಶುರುವಾಗುತ್ತೆ. ನಿಜವಾದ ಎನ್‌ಎಫ್‌ಎಲ್‌ನಲ್ಲಿ ಇದನ್ನ ಎಷ್ಟು ಬಿಗಿಯಾಗಿ ಬರೀತಾರೆ ನೋಡಿ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋ ಮುಖ್ಯ ಆಟಗಾರ) ಆ್ಯರನ್ ರಾಡ್ಜರ್ಸ್‌ಗಾಗಿ ಜೆಟ್ಸ್ ತಂಡ ಗ್ರೀನ್ ಬೇ ಪ್ಯಾಕರ್ಸ್‌ಗೆ ಕೊಟ್ಟದ್ದರಲ್ಲಿ 2024ರ ಸೆಕೆಂಡ್ ಕೂಡ ಇತ್ತು. ಆತ ಶೇ. 65ರಷ್ಟು ಸ್ನ್ಯಾಪ್ (ಚೆಂಡು ಆಟಕ್ಕೆ ಬರೋ ಒಂದೊಂದು ಸಲ) ಆಡಿದರೆ ಅದು ಫಸ್ಟ್ ಆಗಬೇಕಿತ್ತು. ಸೆಪ್ಟೆಂಬರ್ 11ರ ಮೊದಲ ಪಂದ್ಯದಲ್ಲೇ ನಾಲ್ಕು ಸ್ನ್ಯಾಪ್ ಆಗುವಷ್ಟರಲ್ಲಿ ಹಿಮ್ಮಡಿಯ ಅಕಿಲೀಸ್ ಹರಿದು ಆತನ ಸೀಸನ್ ಮುಗೀತು, ಪಿಕ್ ಸೆಕೆಂಡ್ ಆಗಿಯೇ ಉಳೀತು. ಆದರೆ ಅಂಕಿಅಂಶದಲ್ಲಿ ಆ ವರ್ಷ ಆತ ಆಡಿದ ಪಂದ್ಯ "1" ಅಂತಲೇ ಇದೆ. ನೀವು ಬರೆದ ಷರತ್ತಿನ ಪ್ರಕಾರ ಆ ನಾಲ್ಕು ಸ್ನ್ಯಾಪ್ ಒಂದು ಪೂರ್ತಿ ಪಂದ್ಯ. ಮೊಣಕಾಲು ರಿಪೇರಿ ಆದ ಆಟಗಾರನ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಮೊದಮೊದಲು ಮೂರ್ನಾಲ್ಕು ವಾರ ಐದಾರು ಸ್ನ್ಯಾಪ್ ಮಾತ್ರ ಕೊಟ್ಟು ಕೂರಿಸ್ತಾರೆ.

ರನ್ನಿಂಗ್ ಬ್ಯಾಕ್ ಆದ್ದರಿಂದ ಸ್ನ್ಯಾಪ್‌ಗಿಂತ ಟಚ್ (ಚೆಂಡು ಆತನ ಕೈಗೆ ಬಂದ ಸಲ) ಎಣಿಸಿ. ಕ್ಯಾರಿ (ಚೆಂಡು ಹಿಡಿದು ಓಡಿದ್ದು), ಕ್ಯಾಚ್ ಎರಡೂ ಆ್ಯಪ್‌ನಲ್ಲೇ ಕಾಣುತ್ತೆ, ಬೇರೆ ಕಡೆ ಹುಡುಕೋದು ಬೇಡ. "ಕನಿಷ್ಠ 8 ಟಚ್ ಇರುವ ಪಂದ್ಯ 10" ಅಂತ ಇಟ್ಟರೆ ಆತ ನಿಜಕ್ಕೂ ಉಪಯೋಗಕ್ಕೆ ಬಂದ ವಾರಗಳು ಮಾತ್ರ ಲೆಕ್ಕಕ್ಕೆ ಬರುತ್ತೆ. ಸ್ನ್ಯಾಪೇ ಬೇಕು ಅಂದ್ರೆ ಶೇಕಡಾವಾರು ಯಾವುದರ ಮೇಲೆ ಅಂತ ಬರೀರಿ: ತಂಡದ ಇಡೀ ಸೀಸನ್‌ನ ಸ್ನ್ಯಾಪಾ, ಆತ ಇಳಿದ ಪಂದ್ಯಗಳದ್ದು ಮಾತ್ರವಾ? ಎರಡಕ್ಕೂ ಬರೋ ಉತ್ತರ ಬೇರೆ ಬೇರೆ.

18ನೇ ವಾರ ಬಿಟ್ಟುಬಿಡಿ. ಪ್ಲೇಆಫ್ ಸ್ಥಾನ ಖಚಿತವಾದ ತಂಡಗಳು ಆ ವಾರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡ್ತವೆ, ನಿಮ್ಮ ಲೀಗ್ ಕೂಡ ಅಷ್ಟೊತ್ತಿಗೆ ಮುಗಿದಿರುತ್ತೆ. 1ರಿಂದ 17ನೇ ವಾರದೊಳಗೆ ಬೈ ವಾರ (ತಂಡಕ್ಕೆ ಪಂದ್ಯ ಇಲ್ಲದ ವಾರ) ಕಳೆದರೆ ಉಳಿಯೋದು 16 ಪಂದ್ಯ. ಹಾಗಾಗಿ ನಿಮ್ಮ ಷರತ್ತು 16ಕ್ಕೆ 10.

ಇನ್ನೊಂದು: "ನನ್ನ ಲೈನಪ್‌ನಲ್ಲಿ ಇಷ್ಟು ಸಲ ಇಳಿಸಿದರೆ" ಅನ್ನೋ ಥರದ ಷರತ್ತು ಯಾವತ್ತೂ ಬೇಡ. ಲೈನಪ್ ನಿಮ್ಮ ಕೈಲಿದೆ. 9ಕ್ಕೆ ಬಂದಾಗ ಆತನನ್ನ ಬೆಂಚಿಗೆ ಹಾಕಿದ್ದು ಆಟದ ನಿರ್ಧಾರವಾ, ಪಿಕ್ ಉಳಿಸಿಕೊಳ್ಳೋಕಾ ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ಟ್ರೇಡ್ ಮಾಡಿದ ಇಬ್ಬರಲ್ಲಿ ಯಾರ ಕೈಗೂ ಸಿಗದ ಸಂಖ್ಯೆ ಮೇಲೆ ಷರತ್ತು ನಿಲ್ಲಬೇಕು.

ಕಮಿಷ್_ದಫ್ತರ:

ವರ್ಗಾವಣೆ ವಿಷಯಕ್ಕೆ ಬರ್ತೀನಿ. ಈಗ ಆ್ಯಪ್‌ನಲ್ಲಿ ಸೆಕೆಂಡ್ ಮಾತ್ರ ಕಳಿಸಿ. ಷರತ್ತು ಈಡೇರಿದರೆ ಎರಡನೇ ಟ್ರೇಡ್: ನಿಮ್ಮ ಫಸ್ಟ್ ಆ ಕಡೆ, ಸೆಕೆಂಡ್ ಈ ಕಡೆ. ಮೊದಲೇ ಫಸ್ಟ್ ಕಳಿಸಿ ಆಮೇಲೆ ವಾಪಸ್ ತರೋದು ಬೇಡ, ಅಷ್ಟರೊಳಗೆ ಅವರು ಅದನ್ನ ಮೂರನೆಯವರಿಗೆ ಮಾರಿದ್ದರೆ ಬಿಡಿಸೋಕೆ ಆಗಲ್ಲ.

ಅದೇ ತೊಂದರೆ ನಿಮ್ಮ ಕಡೆಯಿಂದಲೂ ಇದೆ. ಅಕ್ಟೋಬರ್‌ನಲ್ಲಿ ಒಳ್ಳೆ ರಿಸೀವರ್ ಸಿಕ್ಕ ಅಂತ 2027ರ ಫಸ್ಟ್ ಮಾರಿಬಿಟ್ಟರೆ ಷರತ್ತು ಈಡೇರಿದ ದಿನ ಕೊಡೋಕೆ ಏನೂ ಇರಲ್ಲ. ಆದ್ದರಿಂದ ಆ ಫಸ್ಟ್ ಬೀಗ ಹಾಕಿದ ಪಿಕ್ ಅಂತ ಲೀಗ್ ಚಾಟ್‌ನಲ್ಲಿ ಪಿನ್ ಆಗಿರಬೇಕು. ಎದುರಿನವರ ಕೈಗೆ ಬಂದ ಸೆಕೆಂಡ್‌ಗೂ ಅಷ್ಟೇ: ಅವರು ಮಾರಬಹುದು, ಆದರೆ ಷರತ್ತು ಪಿಕ್ ಜೊತೆಗೇ ಹೋಗುತ್ತೆ, ಕೊಂಡವರು ಚಾಟ್‌ನಲ್ಲಿ "ಗೊತ್ತಿದೆ, ಒಪ್ಪಿಗೆ" ಅಂತ ಬರೀಬೇಕು. ತಂಡ ಬಿಟ್ಟು ಹೋದರೆ ಷರತ್ತು ತಂಡಕ್ಕೆ ಅಂಟಿಕೊಂಡೇ ಇರುತ್ತೆ, ಹೊಸಬರು ಅದನ್ನ ಒಪ್ಪಿಕೊಂಡೇ ತಂಡ ತಗೊಳ್ಳಬೇಕು. ಮುಂದಿನ ವರ್ಷದ ಪಿಕ್ ಮಾರುವವರು ಆ ವರ್ಷದ ಲೀಗ್ ಶುಲ್ಕ ಮೊದಲೇ ಕಟ್ಟಬೇಕು ಅನ್ನೋ ನಿಯಮ ನಿಮ್ಮಲ್ಲಿದ್ದರೆ ಬೀಗದ ಪಿಕ್‌ಗೂ ಅದೇ ಅನ್ವಯ ಮಾಡಿ.

"ನನ್ನ ಫಸ್ಟ್" ಅಂತ ಬರೀಬೇಡಿ. ನಿಮ್ಮ ಹತ್ರ ಬೇರೆಯವರ ಫಸ್ಟ್ ಕೂಡ ಇದ್ದರೆ ಯಾವುದು ಅನ್ನೋ ಪ್ರಶ್ನೆ ಬರುತ್ತೆ. ಮೂಲ ತಂಡದ ಹೆಸರು ಬರೀರಿ.

ಎಲ್ಲಕ್ಕಿಂತ ಮುಖ್ಯ ಕ್ರಮ. ಮೊದಲು ಷರತ್ತು ಚಾಟ್‌ನಲ್ಲಿ, ಇಬ್ಬರ ಒಪ್ಪಿಗೆ, ಕಮಿಷನರ್ (ಲೀಗ್ ನಡೆಸೋರು) ಒಪ್ಪಿಗೆ, ಆಮೇಲೆ ಆ್ಯಪ್‌ನಲ್ಲಿ ಟ್ರೇಡ್. ಟ್ರೇಡ್ ಆದಮೇಲೆ ಹೇಳಿದ ಷರತ್ತು ಲೆಕ್ಕಕ್ಕಿಲ್ಲ ಅನ್ನೋದನ್ನ ನಿಯಮವಾಗಿಯೇ ಇಡಿ. ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಖಾಸಗಿ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬರ್ತಾರೆ, ಕಮಿಷನರ್‌ಗೆ ಯಾವುದು ಪೂರ್ತಿ ಮಾತುಕತೆ ಅಂತ ತಿಳಿಯೋದೇ ಇಲ್ಲ. ಇತ್ಯರ್ಥದ ದಿನವೂ ಬೇಕು. ಪಂದ್ಯ ಆದ ಕೆಲವು ದಿನಗಳ ಮೇಲೂ ಅಂಕಿಅಂಶ ತಿದ್ದುಪಡಿ ಆಗ್ತಿರುತ್ತೆ. "1000 ಗಜ" ಥರದ ಷರತ್ತು 1001ರಿಂದ 998ಕ್ಕೆ ಇಳಿದು ಪಿಕ್ ಇತ್ತಿಂದತ್ತ ಆಗಿಬಿಡಬಹುದು. 18ನೇ ವಾರ ಮುಗಿದ ಮಂಗಳವಾರ ಆ್ಯಪ್ ತೋರಿಸೋ ಸಂಖ್ಯೆಯೇ ಅಂತಿಮ ಅಂತ ಹಾಕಿದರೆ ಮುಗೀತು.

ಒಂದು_ಪಾಯಿಂಟ್_ಒಂದು:

ಬೆಲೆ ಬಗ್ಗೆ ಯಾರೂ ಹೇಳಿಲ್ಲ. ಉದಾಹರಣೆಗೆ ನಿಮ್ಮ ಲೆಕ್ಕದಲ್ಲಿ ನಡುವಿನ ಫಸ್ಟ್ 100, ನಡುವಿನ ಸೆಕೆಂಡ್ 40 ಅಂದುಕೊಳ್ಳಿ. ಷರತ್ತು ಈಡೇರೋ ಸಾಧ್ಯತೆ ಅರ್ಧಕ್ಕರ್ಧ ಅಂದರೆ ನೀವು ಕೊಡ್ತಿರೋದು 40 + 30 = 70. ಆ ಆಟಗಾರನಿಗೆ ಈವತ್ತು 70 ಕೊಡ್ತೀರಾ ಅನ್ನೋದೇ ಪ್ರಶ್ನೆ.

ಆದರೆ ಆ 100 ಸ್ಥಿರ ಅಲ್ಲ. ಫಸ್ಟ್ ಅಂದರೆ 1.01 (ಮೊದಲ ಸುತ್ತಿನ ಮೊದಲ ಸರದಿ, ತಳದ ತಂಡಕ್ಕೆ ಸಿಗೋದು) ಕೂಡ, 1.12 (ಅದೇ ಸುತ್ತಿನ ಕೊನೇ ಸರದಿ) ಕೂಡ. ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಸ್ ಟ್ರೇಡ್ ನೋಡಿ: 2021ರಲ್ಲಿ ಕೋಲ್ಟ್ಸ್ ತಂಡ ಈಗಲ್ಸ್‌ಗೆ 2022ರ ಸೆಕೆಂಡ್ ಕೊಟ್ಟಿತ್ತು, ಆತ ಶೇ. 75 ಸ್ನ್ಯಾಪ್ ಆಡಿದರೆ, ಇಲ್ಲವೇ ಶೇ. 70 ಆಡಿ ತಂಡ ಪ್ಲೇಆಫ್‌ಗೆ ಹೋದರೆ ಫಸ್ಟ್. ಆತ 17 ಪಂದ್ಯವೂ ಆಡಿದ, ಕೋಲ್ಟ್ಸ್ ಕೊನೇ ವಾರ ಜಾಕ್ಸನ್‌ವಿಲ್ ಎದುರು ಸೋತು ಪ್ಲೇಆಫ್‌ನಿಂದ ಹೊರಬಿತ್ತು, ಫಸ್ಟ್ ಮಾತ್ರ ಹೋಯಿತು. ಆಟಗಾರ ಗಟ್ಟಿಯಾಗಿ ನಿಂತ ಅಂದಮಾತ್ರಕ್ಕೆ ತಂಡ ಗೆಲ್ಲಬೇಕಂತಿಲ್ಲ. ನಿಮ್ಮ ರನ್ನಿಂಗ್ ಬ್ಯಾಕ್ 12 ಪಂದ್ಯ ಆಡಿಯೂ ನಿಮ್ಮ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ನೀವು ತಳದಲ್ಲಿ ಮುಗಿಸಿದರೆ ಸೆಕೆಂಡ್ ಬೆಲೆಯ ಆಟಗಾರನಿಗೆ 1.02 ಕೊಟ್ಟಿರ್ತೀರಿ. ನನಗೆ ಇದೇ ನಿಮ್ಮ ಟ್ರೇಡ್‌ನ ದೊಡ್ಡ ಅಪಾಯ ಅನಿಸುತ್ತೆ, ಟಚ್ ಎಣಿಕೆ ಅಲ್ಲ.

ರಕ್ಷಣೆ ಹಾಕಬಹುದು: ಪಿಕ್ 1.01ರಿಂದ 1.03ರೊಳಗೆ ಬಂದರೆ ಫಸ್ಟ್ ನಿಮ್ಮಲ್ಲೇ ಉಳಿಯುತ್ತೆ, ಬದಲಿಗೆ 2027ರ ಸೆಕೆಂಡ್ ಜೊತೆ 2028ರ ಸೆಕೆಂಡ್ ಹೋಗುತ್ತೆ. ಆದರೆ ಡ್ರಾಫ್ಟ್ ಕ್ರಮ ಗೆಲುವು-ಸೋಲಿನ ಮೇಲೆ ನಿಂತಿರೋ ಲೀಗ್‌ನಲ್ಲಿ ಇದನ್ನ ಹಾಕಬೇಡಿ. ತಳದಿಂದ ನಾಲ್ಕನೇ ಜಾಗದಲ್ಲಿರೋ ತಂಡ ಬೇಕಂತಲೇ ಎರಡು ಪಂದ್ಯ ಸೋತು ಪಿಕ್ ಉಳಿಸಿಕೊಳ್ಳುತ್ತೆ. ಪ್ಲೇಆಫ್ ತಪ್ಪಿದ ತಂಡಗಳ ಕ್ರಮ "ಗರಿಷ್ಠ ಸಾಧ್ಯ ಅಂಕ"ದ ಮೇಲೆ ಇದ್ದರೆ, ಅಂದರೆ ಪ್ರತಿ ವಾರ ಅತ್ಯುತ್ತಮ ಲೈನಪ್ ಇಳಿಸಿದ್ದರೆ ಎಷ್ಟು ಬರ್ತಿತ್ತೋ ಅದರ ಮೇಲೆ ಇದ್ದರೆ, ಲೈನಪ್ ಕೆಡಿಸಿ ಲಾಭ ಇಲ್ಲ.

ಟ್ಯಾಕ್ಸಿ_ಸ್ಕ್ವಾಡ್:

ನಮ್ಮದು ಗರಿಷ್ಠ ಸಾಧ್ಯ ಅಂಕದ ಮೇಲೆಯೇ. ರಕ್ಷಣೆ ಬದಲು "ನಾನು ಪ್ಲೇಆಫ್‌ಗೆ ಹೋದರೆ ಫಸ್ಟ್" ಅಂತ ಇಟ್ಟರೆ?

ಒಂದು_ಪಾಯಿಂಟ್_ಒಂದು:

ನಿಮಗೆ ಲಾಭ. 6 ತಂಡ ಪ್ಲೇಆಫ್‌ಗೆ ಹೋಗೋದರಿಂದ ಹೋಗೋ ಫಸ್ಟ್ 1.07ರಿಂದ 1.12ರೊಳಗೇ ಇರುತ್ತೆ. ಅದನ್ನ ಎದುರಿನವರೂ ಲೆಕ್ಕ ಹಾಕಿ ಮೇಲೊಂದು ಥರ್ಡ್ ಕೇಳಬಹುದು, ಕೇಳಿದರೆ ಕೊಡಿ.

ಕಮಿಷ್_ದಫ್ತರ:

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನೀವು ಗೆದ್ದರೆ ಅವರಿಗೆ ಲಾಭ ಅಂತಾಯ್ತು. 13ನೇ ವಾರ ನೀವಿಬ್ಬರೂ ಎದುರಾದಾಗ ಅವರು ಪ್ಲೇಆಫ್‌ನಿಂದ ಹೊರಬಿದ್ದಿದ್ದರೆ ಅವರ ಲೈನಪ್ ಮೇಲೆ ಉಳಿದ 10 ತಂಡಕ್ಕೂ ಅನುಮಾನ. ಅವರು ಪ್ರಾಮಾಣಿಕವಾಗಿ ಆಡಿದರೂ ಅನುಮಾನ ಹೋಗಲ್ಲ. ಆಟಗಾರನ ಷರತ್ತು, ಮೇಲೆ 1.01–1.03 ರಕ್ಷಣೆ, ಅದೇ ಚೊಕ್ಕ. ಪಿನ್ ಮಾಡೋ ಬರಹ ಹೀಗಿರಲಿ:

"2026ರ ಸೀಸನ್‌ನ 1ರಿಂದ 17ನೇ ವಾರದೊಳಗೆ ಈ ಆಟಗಾರ ಕನಿಷ್ಠ 8 ಟಚ್ ಪಡೆದ ಪಂದ್ಯಗಳು 10 ಅಥವಾ ಹೆಚ್ಚಾದರೆ 'ಅ' ತಂಡದ ಮೂಲ 2027 ಫಸ್ಟ್ 'ಬ' ತಂಡಕ್ಕೆ, 'ಅ' ತಂಡದ ಮೂಲ 2027 ಸೆಕೆಂಡ್ ವಾಪಸ್ 'ಅ' ತಂಡಕ್ಕೆ. ಷರತ್ತು ಈಡೇರಿಯೂ ಆ ಫಸ್ಟ್ 1.01–1.03 ಆದರೆ ಅದಲುಬದಲು ಇಲ್ಲ, 'ಅ' ತಂಡದ 2028 ಸೆಕೆಂಡ್ ಹೆಚ್ಚುವರಿ. 18ನೇ ವಾರ ಮುಗಿದ ಮಂಗಳವಾರ ಆ್ಯಪ್ ತೋರಿಸುವ ಸಂಖ್ಯೆ ಅಂತಿಮ. ಅಲ್ಲಿಯವರೆಗೆ 2027 ಫಸ್ಟ್, 2028 ಸೆಕೆಂಡ್ ಎರಡಕ್ಕೂ ಬೀಗ."

ನಾಲ್ಕನೇ_ಡೌನ್:

ಎರಡು ಸಾಲು ಸೇರಿಸಿ. ಟಚ್ ಅಂದರೆ ಕ್ಯಾರಿ ಮತ್ತು ಕ್ಯಾಚ್ ಮಾತ್ರ, ಕಿಕ್ ರಿಟರ್ನ್ ಸೇರಲ್ಲ. ಆಟಗಾರ ಎನ್‌ಎಫ್‌ಎಲ್‌ನಲ್ಲಿ ಬೇರೆ ತಂಡಕ್ಕೆ ಹೋದರೂ, ನಿಮ್ಮ ಲೀಗ್‌ನಲ್ಲಿ ನೀವು ಆತನನ್ನ ಬೇರೆಯವರಿಗೆ ಮಾರಿದರೂ ಎಣಿಕೆ ಮುಂದುವರಿಯುತ್ತೆ. ಈ ಎರಡನೇದು ಬಿಟ್ಟರೆ 9ನೇ ಪಂದ್ಯ ಆದ ಮೇಲೆ ಆತನನ್ನ ಮಾರಿ "ಈಗ ನನ್ನ ಆಟಗಾರನೇ ಅಲ್ಲ" ಅನ್ನೋ ವಾದಕ್ಕೆ ದಾರಿ ಸಿಗುತ್ತೆ.