ಟಿವಿ ಸ್ಟಿಕ್ಕು, ಹೆಸರಿಲ್ಲದ ಬಾಕ್ಸು: ನಮ್ಮ ಮಾಹಿತಿ ಹೊರಗ ಹೋಗೋದು ತಡಿಯೋದು ಹೆಂಗ?

ಬೆಟಗೇರಿ_ಗದಗ:
ನಮಸ್ಕಾರ್ರಿ. ಕೆಳಗಿನ ಸ್ಮಾರ್ಟ್ ಟಿವಿಗೆ ಅಮೆಜಾನಿನ ಫೈರ್ ಟಿವಿ ಸ್ಟಿಕ್ ಐತಿ. ಮ್ಯಾಲಿನ ಖೋಲಿಯಾಗ ಹುಬ್ಬಳ್ಳಿಯಿಂದ ತಂದ, ಕಂಪನಿ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್, ‘ಎಲ್ಲಾ ಓಟಿಟಿ ಫ್ರೀ’ ಅಂತ ಕೊಟ್ಟಿದ್ದು. ಅಂಗಡಿ ಲೆಕ್ಕದ ಲ್ಯಾಪ್‌ಟಾಪ್, ಬ್ಯಾಂಕ್ ಆ್ಯಪ್ ಇರೋ ಫೋನೂ ಅದೇ ವೈಫೈಗೆ.
ಸ್ಟಿಕ್ ಏನೇನು ಕಳಸ್ತೈತಿ? ರಿಮೋಟಿನ ಮೈಕ್ ಯಾವಾಗಲೂ ಕೇಳ್ತಿರ್ತೈತೇನು? ಬಾಕ್ಸ್ ಫ್ಯಾಕ್ಟರಿ ರೀಸೆಟ್ ಮಾಡಿದ್ರ ಸಾಕೇನು?

ಉಣಕಲ್_ಕ್ರಾಸ್:
ಕಡೀ ಪ್ರಶ್ನೆ ಮೊದಲು, ಅದೇ ಅವಸರದ್ದು. ರೀಸೆಟ್ ಸಾಲಂಗಿಲ್ಲ. ರೀಸೆಟ್ ಅಳಸೋದು ನೀವು ಹಾಕಿದ ಆ್ಯಪ್, ಅಕೌಂಟ್ ಅಷ್ಟೇ. ಇಂಥ ಬಾಕ್ಸಿನಾಗ ಮಾಲ್‌ವೇರ್ (ಕೇಡಿನ ಸಾಫ್ಟ್‌ವೇರ್) ಬಹಳ ಸಲ ಫರ್ಮ್‌ವೇರ್, ಅಂದ್ರ ಕಾರ್ಖಾನಿಯಾಗ ತುಂಬಿದ ಮೂಲ ಸಾಫ್ಟ್‌ವೇರ್ ಒಳಗೇ ಬಂದಿರ್ತೈತಿ, ರೀಸೆಟ್ ಆದ ಮ್ಯಾಲೂ ಅಲ್ಲೇ ಉಳೀತೈತಿ. ಟಿ95 ಅನ್ನೋ ಅಗ್ಗದ ಬಾಕ್ಸಿನಾಗ 2023ರಾಗ ಇದೇ ಸಿಕ್ಕಿತ್ತು. ಇಂಥ ಬಾಕ್ಸುಗಳನ್ನ ಹಿಡಿದು ನಡಸೋ ‘ಬ್ಯಾಡ್‌ಬಾಕ್ಸ್ 2.0’ ಅನ್ನೋ ಮೋಸದ ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಾಗ ಎಚ್ಚರಿಕೆ ಕೊಟ್ಟಿತು. ಮುಂದಿನ ತಿಂಗಳು ಗೂಗಲ್ ಕೇಸ್ ಹಾಕಿದಾಗ ಆ ಜಾಲಕ್ಕ ಸಿಕ್ಕ ಸಾಧನ 1 ಕೋಟಿಗಿಂತ ಹೆಚ್ಚು ಅಂತ ಹೇಳಿತು.
ಇಂಥ ಮಾಲ್‌ವೇರಿನ ಒಂದು ದೊಡ್ಡ ಕಸುಬು ನಿಮ್ಮ ಇಂಟರ್ನೆಟ್ ಲೈನನ್ನ ಬ್ಯಾರೆಯವರಿಗೆ ಬಾಡಿಗೆ ಕೊಡೋದು. ಯಾರೋ ಮಾಡಿದ ಮೋಸ ನಿಮ್ಮ ಮನಿ ಐಪಿ ಅಡ್ರೆಸ್ಸಿನಿಂದ (ಇಂಟರ್ನೆಟ್ಟಿನಾಗ ನಿಮ್ಮ ಲೈನಿನ ವಿಳಾಸ) ಆದಂಗ ಕಾಣ್ತೈತಿ.
ಇಂಥ ಬಾಕ್ಸಿನ ಗುರುತು: ಪ್ಲೇ ಪ್ರೊಟೆಕ್ಟ್ (ಗೂಗಲ್‌ನ ಆ್ಯಪ್ ತಪಾಸಣೆ) ಆಫ್ ಮಾಡು ಅನ್ನೋದು, ಗೂಗಲ್‌ದಲ್ಲದ ಆ್ಯಪ್ ಅಂಗಡಿ, ರೊಕ್ಕ ಕೊಡೋ ಚಾನೆಲ್ ಎಲ್ಲಾ ಪುಕ್ಕಟೆ. ಬಾಕ್ಸ್ ಪ್ಲಗ್ ತಗೀರಿ. ಆಮ್ಯಾಲೆ ಫೋನಿನಾಗ ಗೂಗಲ್ ಅಕೌಂಟ್ > ಸೆಕ್ಯುರಿಟಿ > ಯುವರ್ ಡಿವೈಸಸ್‌ಗೆ ಹೋಗಿ ಅದನ್ನ ಸೈನ್ ಔಟ್ ಮಾಡ್ರಿ. ಬಾಕ್ಸಿನಾಗ ಟೈಪ್ ಮಾಡಿದ ಪಾಸ್‌ವರ್ಡ್ ಎಲ್ಲಾ ಬದಲಸ್ರಿ, ವೈಫೈದ್ದೂ ಸೇರಿಸಿ. ಯಾರಿಗೂ ಮಾರಬ್ಯಾಡ್ರಿ.

ಸಪ್ತಾಪುರ_ಧಾರವಾಡ:
ಸ್ಟಿಕ್ಕಿನ ಮಾತು ಬ್ಯಾರೆ, ಅದನ್ನ ಬಹಳಷ್ಟು ಸುಮ್ಮನಾಗಿಸಬಹುದು. ಯಾವ ಆ್ಯಪ್ ಎಷ್ಟು ಸಲ ತಗದ್ರಿ, ಎಷ್ಟೊತ್ತು ನೋಡಿದ್ರಿ ಅನ್ನೋದನ್ನ ಕೂಡಿಡ್ತದ. ಸೆಟ್ಟಿಂಗ್ಸ್ > ಪ್ರೆಫರೆನ್ಸಸ್ > ಪ್ರೈವಸಿ ಸೆಟ್ಟಿಂಗ್ಸ್ ಒಳಗ ಡಿವೈಸ್ ಯೂಸೇಜ್ ಡೇಟಾ, ಕಲೆಕ್ಟ್ ಆ್ಯಪ್ ಯೂಸೇಜ್ ಡೇಟಾ, ಇಂಟರೆಸ್ಟ್ ಬೇಸ್ಡ್ ಆ್ಯಡ್ಸ್, ಮೂರೂ ಆಫ್ ಮಾಡ್ರಿ. ಜಾಹೀರಾತು ಕಡಿಮಿ ಆಗೂದಿಲ್ಲ, ನಿಮ್ಮ ಅಭಿರುಚಿ ನೋಡಿ ಆರಿಸೋದು ನಿಲ್ತದ. ಯೂಟ್ಯೂಬ್ ಹಿಸ್ಟರಿ ಅದರ ಅಕೌಂಟಿನಾಗ ಬ್ಯಾರೆಯಾಗಿ ಪಾಜ್ ಮಾಡಿ ನಿಲ್ಲಿಸಬೇಕು.
ಸ್ಟಿಕ್ಕಿನ ರಿಮೋಟ್ ಮೈಕ್ ಬಟನ್ ಒತ್ತಿದಾಗ ಮಾತ್ರ ಕೇಳ್ತದ. ಆದ್ರ ಒತ್ತಿ ಆಡಿದ ಮಾತು ಸರ್ವರಿಗೆ ಹೋಗ್ತದ. ಅಲೆಕ್ಸಾ (ಅಮೆಜಾನಿನ ಮಾತು ಕೇಳೋ ಸಹಾಯಕ) ಆ್ಯಪಿನ ಅಲೆಕ್ಸಾ ಪ್ರೈವಸಿಯೊಳಗ ಹಳೇ ರೆಕಾರ್ಡಿಂಗ್ ಅಳಿಸಿ, ಮುಂದ ಉಳಿಸಬ್ಯಾಡ ಅಂತ ಆರಿಸ್ರಿ.
ಮಂದಿ ಮರಿಯೋದು ಟಿವಿಯನ್ನೇ. ಸ್ಮಾರ್ಟ್ ಟಿವಿಯ ಎಸಿಆರ್ (ನೀವು ಏನು ನೋಡ್ತೀರಿ ಅಂತ ತಾನೇ ಗುರುತಿಸೋ ವ್ಯವಸ್ಥಾ) ಪರದೆ ಮೇಲಿನ ಚಿತ್ರದ ಗುರುತು ಹಿಡೀತದ. ಸ್ಟಿಕ್ ಚುಚ್ಚೋ ಎಚ್‌ಡಿಎಂಐ ಕಿಂಡಿಯಿಂದ ಬಂದದ್ದನ್ನೂ ಹಿಡಿಯಬಲ್ಲದು. ಒಪ್ಪಿಗಿ ಇಲ್ಲದ ಹಿಂಗ ಮಾಡಿದ್ದಕ್ಕ ವಿಜಿಯೋ ಕಂಪನಿ 2017ರಾಗ ಅಮೆರಿಕದಾಗ 22 ಲಕ್ಷ ಡಾಲರ್ ಕಟ್ಟಿತು. ಎಲ್‌ಜಿಯೊಳಗ ‘ಲೈವ್ ಪ್ಲಸ್’, ಸ್ಯಾಮ್‌ಸಂಗಿನಾಗ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್’ ಹುಡುಕಿ ಆಫ್ ಮಾಡ್ರಿ. ಸ್ಟಿಕ್ ಇದ್ದ ಮೇಲೆ ಟಿವಿಗೆ ಇಂಟರ್ನೆಟ್ ಯಾಕ? ಟಿವಿಯ ವೈಫೈಯನ್ನೇ ‘ಫರ್ಗೆಟ್’ ಮಾಡಿಬಿಡ್ರಿ. ನನಗ ಅದೇ ಗಟ್ಟಿ ಉಪಾಯ ಅನಸ್ತದ.

ಕೊಪ್ಪೀಕರ್_ರೋಡ್:
ರೌಟರಿನಾಗ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆ ಬ್ಯಾರೆ ವೈಫೈ) ಇದ್ರ ಸ್ಟಿಕ್ಕನ್ನ ಅದಕ್ಕ ಹಾಕ್ರಿ, ಲ್ಯಾಪ್‌ಟಾಪ್ ಮತ್ತು ಫೋನ್ ಮುಖ್ಯ ವೈಫೈದಾಗ ಇರಲಿ. ಆಗ ಫೋನಿನಿಂದ ಟಿವಿಗೆ ಕಾಸ್ಟ್ ಆಗಂಗಿಲ್ಲ. ಅದು ಕೆಟ್ಟಿಲ್ಲ, ಎರಡೂ ನೆಟ್‌ವರ್ಕ್ ಒಂದಕ್ಕೊಂದು ಕಾಣದಂಗ ಆಗಿರ್ತಾವು.
ರೌಟರಿನ ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿವರ ಹಂಚೋದು) ಸೆಟ್ಟಿಂಗಿನೊಳಗ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋ ಸರ್ವರ್) 94.140.14.14 ಮತ್ತು 94.140.15.15 ಕೊಟ್ರ ಟ್ರ್ಯಾಕಿಂಗ್ ಸರ್ವರ್ ಬಹಳಷ್ಟು ಮುಚ್ಚತಾವು; ಇವು ಜಾಹೀರಾತು ತಡಿಯೋ ಆ್ಯಡ್‌ಗಾರ್ಡ್ ಕಂಪನಿಯ ಪುಕ್ಕಟೆ ಸರ್ವರ್. ಕೆಲವು ಆ್ಯಪ್ ಜಾಹೀರಾತು ಬರೋ ಹೊತ್ತಿಗೆ ಸಿಕ್ಕೊಂಡು ನಿಂತ್ರ ಹಳೇ ಡಿಎನ್‌ಎಸ್‌ಗೆ ಮರಳ್ರಿ. ಕೆಲವು ಸಾಧನ ರೌಟರಿನ ಮಾತು ಬಿಟ್ಟು ಗೂಗಲ್ ಡಿಎನ್‌ಎಸ್ 8.8.8.8ಕ್ಕ ನೇರ ಹೋಗ್ತಾವು, ಅದಕ್ಕ ಇದನ್ನೊಂದೇ ನಂಬಬ್ಯಾಡ್ರಿ.

ಬೆಟಗೇರಿ_ಗದಗ:
ಹಂಗಾದ್ರ ಆ ಬಾಕ್ಸನ್ನೂ ಗೆಸ್ಟ್ ವೈಫೈದಾಗ ಇಟ್ರ ನಡೀತೈತೇನ್ರಿ?

ಉಣಕಲ್_ಕ್ರಾಸ್:
ಇಲ್ರಿ. ಲ್ಯಾಪ್‌ಟಾಪ್ ಅದರ ಕೈಗೆ ಸಿಗಂಗಿಲ್ಲ ನಿಜ, ಆದ್ರ ಹೊರಗ ಹೋಗೋ ಐಪಿ ಅಡ್ರೆಸ್ ನಿಮ್ಮದೇ. ಅದನ್ನ ಇ-ತ್ಯಾಜ್ಯಕ್ಕ ಕೊಡ್ರಿ.