ಕೇದಾರನಾಥದಲ್ಲಿ ಶುಗರ್ ಮೀಟರ್ ನಂಬಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ 64 ವರ್ಷ, ರಾತ್ರಿ ಇನ್ಸುಲಿನ್ ತಗೊಳ್ತಾರೆ. ಮುಂದಿನ ತಿಂಗಳು ಕೇದಾರನಾಥಕ್ಕೆ ಹೊರಟಿದ್ದಾರೆ. ಬೆಟ್ಟದ ಮೇಲೆ ಗ್ಲುಕೋಮೀಟರ್ ತಪ್ಪು ತೋರಿಸುತ್ತದೆ ಅಂತ ಯಾರೋ ಹೇಳಿದರಂತೆ. ಹಾಗಾದರೆ ಸುಮ್ನೆ ಯಾಕೆ ಹೊತ್ಕೊಂಡು ಹೋಗಲಿ ಅಂತಿದ್ದಾರೆ.

ಉತ್ತರ: ಮೀಟರ್ ಬೇಕೇ ಬೇಕಮ್ಮ. ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲ ಮೀಟರಿಗೂ ಅದು ಅನ್ವಯಿಸಲ್ಲ.

ಸ್ಟ್ರಿಪ್ (ರಕ್ತದ ಹನಿ ಹಾಕುವ ಪಟ್ಟಿ) ಡಬ್ಬಿಯೊಳಗಿನ ಮಡಚಿದ ಚೀಟಿ ಬಿಡಿಸಿ ನೋಡಿ. 'ಗ್ಲುಕೋಸ್ ಆಕ್ಸಿಡೇಸ್' ಅಂತಿದ್ದರೆ ಆ ಸ್ಟ್ರಿಪ್‌ಗೆ ರಕ್ತದಲ್ಲಿನ ಆಮ್ಲಜನಕದ ಪ್ರಭಾವ ಇರುತ್ತದೆ. ಆಮ್ಲಜನಕ ಕಡಿಮೆಯಾದಾಗ ಶುಗರ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. 'ಗ್ಲುಕೋಸ್ ಡಿಹೈಡ್ರೋಜಿನೇಸ್' ಅಂತಿದ್ದರೆ ಆ ತೊಂದರೆ ಇಲ್ಲ. ಎಷ್ಟು ಎತ್ತರದವರೆಗೆ ಬಳಸಬಹುದು ಅನ್ನುವುದೂ ಮೀಟರ್ ಪುಸ್ತಕದಲ್ಲಿರುತ್ತದೆ. ಎಷ್ಟೋ ಮೀಟರ್‌ಗಳಿಗೆ ಅದು 10,000 ಅಡಿ, ಅಂದರೆ ಸುಮಾರು 3,050 ಮೀಟರ್. ಕೇದಾರನಾಥ ಸುಮಾರು 3,580 ಮೀಟರ್. ನಮ್ಮ ಮುಳ್ಳಯ್ಯನಗಿರಿಗೆ (1,930) ಈ ಚಿಂತೆ ಬೇಡ.

ನನ್ನನ್ನು ಕೇಳಿದರೆ ಅಲ್ಲಿ ಎತ್ತರಕ್ಕಿಂತ ಚಳಿಯ ಕಾಟವೇ ಜಾಸ್ತಿ. ತೀರಾ ತಣ್ಣಗಾದರೆ ಮೀಟರ್ ಎರರ್ ತೋರಿಸಿ ಕೂತುಬಿಡುತ್ತದೆ. ಮೀಟರ್, ಸ್ಟ್ರಿಪ್, ಇನ್ಸುಲಿನ್ ಮೂರೂ ಸ್ವೆಟರ್ ಒಳಗಿನ ಜೇಬಿನಲ್ಲಿರಲಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ಚುಚ್ಚುವ ಮೊದಲು ಬೆರಳು ತೊಳೆದು ಒರೆಸಲಿ, ಪ್ರಸಾದದ ಸಿಹಿ ಅಂಟಿದ್ದರೂ ಲೆಕ್ಕ ಮೇಲೆ ಹೋಗುತ್ತದೆ. ನೀರು ಸಿಗದಿದ್ದರೆ ಮೊದಲ ಹನಿ ಒರೆಸಿ ಎರಡನೆಯದು ಹಾಕಲಿ.

ಪ್ರಶ್ನೆ (ಮತ್ತೊಬ್ಬರು): ಸರ್, ನಮ್ಮ ಯಜಮಾನರು ವರ್ಷದಿಂದ ಲೇಹ್‌ನಲ್ಲಿ ಕೆಲಸದಲ್ಲಿದ್ದಾರೆ. ಅವರಿಗೂ ಜಾಸ್ತಿಯೇ ತೋರಿಸುತ್ತಾ?

ಉತ್ತರ: ಅಲ್ಲಿ ಕಥೆ ಬೇರೆ. ತಿಂಗಳುಗಟ್ಟಲೆ ಎತ್ತರದಲ್ಲಿದ್ದರೆ ರಕ್ತದಲ್ಲಿ ಕೆಂಪು ಕಣ ಹೆಚ್ಚುತ್ತದೆ. ಆಗ ಕೆಲವು ಮೀಟರ್ ಕಡಿಮೆ ತೋರಿಸುತ್ತವೆ. ಅಲ್ಲಿನ ಲ್ಯಾಬಿನಲ್ಲಿ ರಕ್ತ ಕೊಡುವಾಗಲೇ ತಮ್ಮ ಮೀಟರ್‌ನಲ್ಲೂ ನೋಡಿಕೊಳ್ಳಲಿ. ಸ್ವಲ್ಪ ಹೆಚ್ಚುಕಮ್ಮಿ ಬಂದರೆ ಗಾಬರಿ ಬೇಡ. ನಿಜವಾದ ಶುಗರ್ 200 ಇದ್ದಾಗ ಮೀಟರ್ 170ರಿಂದ 230ರೊಳಗೆ ತೋರಿಸಿದರೂ ಅದು ಮೀಟರ್‌ಗಳಿಗಿರುವ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದೊಳಗೇ ಇದೆ.

ಪ್ರಶ್ನೆ (ಮೊದಲಿನವರು): ಹಾಗಾದರೆ ಅಪ್ಪನಿಗೆ ಮೇಲೆ 250 ಬಂದರೆ ಇನ್ಸುಲಿನ್ ಜಾಸ್ತಿ ಮಾಡಬೇಕಾ?

ಉತ್ತರ: ಒಂದೇ ಲೆಕ್ಕ ನೋಡಿ ಮಾಡಬೇಡಿ! ಕೈ ತೊಳೆದು ಇನ್ನೊಮ್ಮೆ ನೋಡಿ, ಆಮೇಲೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ದಿನವಿಡೀ ಬೆಟ್ಟ ಹತ್ತಿದವರಿಗೆ ರಾತ್ರಿ ಶುಗರ್ ಲೋ (ತೀರಾ ಕಡಿಮೆ) ಆಗುವುದೇ ದೊಡ್ಡ ಭಯ. ತಲೆಸುತ್ತು, ಸುಸ್ತು ಎತ್ತರದಿಂದಲೂ ಬರುತ್ತದೆ, ಲೋ ಶುಗರ್‌ನಿಂದಲೂ ಬರುತ್ತದೆ. ಮೈ ಬೆವರಿ ಕೈ ನಡುಗಿದರೆ, ಮೀಟರ್ 90 ಅಂದರೂ ಮೂರು ಚಮಚ ಗ್ಲುಕೋಸ್ ಪುಡಿ ಕೊಟ್ಟುಬಿಡಿ. ಹೊರಡುವ ಮೊದಲು ರಾತ್ರಿ ಡೋಸ್ ಎಷ್ಟು ಇಳಿಸಬೇಕು ಅಂತ ಅವರ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.