‘ಚೇತರಿಕೆ’ ಅಂದರೆ ಏರುವುದೋ, ಇಳಿಯುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಕೈಗೆ ಸಿಕ್ಕಿಬಿದ್ದಿದ್ದೇನೆ, ಬಿಡಿಸಿಕೊಡಿ.

ನಾನು ಮಡಿಕೇರಿ ಹತ್ತಿರದ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಮಕ್ಕಳ ಮೈತೂಕ ಮತ್ತು ಎದೆಬಡಿತದ ಬಗ್ಗೆ ಮನೆಯವರಿಗೆ ಕೊಡಲು ಪ್ರತಿ ವರ್ಷ ಒಂದು ಹಾಳೆ ಬರೆಯುತ್ತೇನೆ. ಅದರಲ್ಲಿ ‘ಹಾರ್ಟ್ ರೇಟ್ ರಿಕವರಿ’ ಅನ್ನುವ ಮಾತು ಬರುತ್ತದೆ. ಓಡಿ ನಿಂತ ಮೇಲೆ ಮೊದಲ ಒಂದು ನಿಮಿಷದಲ್ಲಿ ಬಡಿತ ಎಷ್ಟು ಇಳಿಯಿತು ಅನ್ನುವ ಲೆಕ್ಕ ಅದು. ಓಟ ನಿಲ್ಲಿಸಿದಾಗ 180 ಇದ್ದದ್ದು ನಿಮಿಷ ಕಳೆದು 140 ಆದರೆ, ಇಳಿದದ್ದು 40. ರಿಕವರಿ ಅಂದರೆ ಚೇತರಿಕೆ ತಾನೆ ಅಂತ ಹೋದ ವರ್ಷ ‘ಹೃದಯ ಬಡಿತದ ಚೇತರಿಕೆ’ ಅಂತ ಬರೆದುಬಿಟ್ಟೆ.

ಎಡವಟ್ಟಾಯಿತು. ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಸ್ವಲ್ಪ ದಪ್ಪ, ಹಾಕಿ ಅಂದರೆ ಪ್ರಾಣ. ಮೈದಾನದ ಮೆಟ್ಟಿಲ ಮೇಲೆ ಸ್ಟಿಕ್ ಊರಿಕೊಂಡು ಕೂತಿದ್ದ. ಮಣಿಕಟ್ಟಿನಲ್ಲಿ ನಾಡಿ ಬೆರಳಿಗೆ ಸಿಗಲಿಲ್ಲ. ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದೆ. 184. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿದರೆ 168. ಚೀಟಿಯಲ್ಲಿ ‘ಚೇತರಿಕೆ ನಿಧಾನ’ ಅಂತ ಬರೆದು ಕಳಿಸಿದೆ. ಮರುದಿನ ಬೆಳಿಗ್ಗೆ ಅವನ ತಾಯಿ ಒದ್ದೆ ಕೊಡೆ ಮಡಚುತ್ತಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. “ಸಾರ್, ಇವನಿಗೆ ಹಾರ್ಟಿಂದು ಏನಾಗಿತ್ತು? ನಮಗೆ ಯಾಕೆ ಹೇಳಲಿಲ್ಲ?”

ತಪ್ಪು ಅವರದ್ದಲ್ಲ. ಚೇತರಿಸಿಕೊಳ್ಳಬೇಕು ಅಂದರೆ ಮೊದಲು ಕಾಯಿಲೆ ಬಿದ್ದಿರಬೇಕು, ಅಲ್ವಾ? ಇನ್ನೂ ಒಂದು ತೊಡಕಿದೆ. ಕನ್ನಡದಲ್ಲಿ ಚೇತರಿಕೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಷೇರು ಪೇಟೆ ಚೇತರಿಸಿತು, ಕಾಳುಮೆಣಸಿನ ರೇಟು ಚೇತರಿಸಿತು ಅಂದರೆ ಏರಿತು ಅಂತಲೇ. ಇಲ್ಲಿ ಬಡಿತ ಇಳಿಯಬೇಕು, ಬೇಗ ಇಳಿದಷ್ಟೂ ಒಳ್ಳೆಯದು. ‘ಬಡಿತ ಚೇತರಿಸಿತು’ ಅಂದರೆ ನನ್ನ ಕಿವಿಗೆ ನಿಂತುಹೋಗಿದ್ದದ್ದು ಮತ್ತೆ ಶುರುವಾದ ಹಾಗೆ ಕೇಳುತ್ತದೆ.

ನಾವು ದಿನಾ ಆಡುವ ಮಾತು ಬೇರೆಯೇ ಇದೆ. ಏರು ಹತ್ತಿ ಬಂದವರಿಗೆ “ಕೂತ್ಕೊಳಿ, ಸ್ವಲ್ಪ ಸುಧಾರಿಸ್ಕೊಳಿ” ಅನ್ನುತ್ತೇವೆ. ಉಸಿರು, ಬಡಿತ, ಬೆವರು ಎಲ್ಲ ಆ ಒಂದು ಮಾತಿನಲ್ಲಿ ಬಂತು, ಕಾಯಿಲೆಯ ನೆರಳೂ ಇಲ್ಲ. ಆದರೆ ಇದನ್ನು ನಾಮಪದ ಮಾಡಿದ ಕೂಡಲೇ ಕೆಡುತ್ತದೆ. ‘ಸುಧಾರಣೆ’ ಅಂದರೆ ಭೂಸುಧಾರಣೆ ನೆನಪಾಗುತ್ತದೆ. ಜೀವ ಇರುವುದೆಲ್ಲ ಆ ‘ಕೊಳ್ಳು’ವಿನಲ್ಲಿ. ಹಾಗಂತ ‘ಸುಧಾರಿಸಿಕೊಳ್ಳುವಿಕೆ’ ಅಂತ ಬರೆದರೆ ಓದುವವರಿಗೇ ಏದುಸಿರು ಬರುತ್ತದೆ. ಮೇಲಾಗಿ, ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಈ ಇಳಿತ ಸಾಮಾನ್ಯವಾಗಿ ನಿಧಾನ. ಕೆಲವು ತಿಂಗಳು ಬಿಡದೆ ಓಡಿ ಆಡಿದರೆ ಅದು ಚುರುಕಾಗಬಲ್ಲದು. ಆಗ ‘ಸುಧಾರಿಸಿಕೊಳ್ಳುವುದು ಸುಧಾರಿಸಿದೆ’ ಅಂತ ಬರೆಯಬೇಕಾ?

ಸಹೋದ್ಯೋಗಿಯೊಬ್ಬರು ‘ದಣಿವಾರಿಸಿಕೊಳ್ಳು’ ಇದೆಯಲ್ಲ, ‘ಬಡಿತ ಆರುವುದು’ ಅಂತ ಹಾಕಿ ಅಂದರು. ಬೆವರು ಆರುತ್ತದೆ, ಗಾಯ ಆರುತ್ತದೆ, ಕಾಫಿ ಆರುತ್ತದೆ, ಸರಿ. ಆದರೆ ದೀಪವೂ ಆರುತ್ತದೆ. ಮಗುವಿನ ಎದೆಬಡಿತ ಆರಿತು ಅಂತ ಚೀಟಿ ಕಳಿಸುವ ಧೈರ್ಯ ನನಗಿಲ್ಲ.

ಸದ್ಯಕ್ಕೆ ‘ಬಡಿತ ಹದಕ್ಕೆ ಬರುವುದು’ ಅಂತ ಇಟ್ಟುಕೊಂಡಿದ್ದೇನೆ, ಲೆಕ್ಕಕ್ಕೆ ‘ಒಂದು ನಿಮಿಷದ ಇಳಿತ’. ಒಳಗೆ ನಡೆಯುವುದಕ್ಕೂ ಇದು ಹೊಂದುತ್ತದೆ. ಮಿದುಳಿನಿಂದ ಎದೆಗೆ ಬರುವ ವೇಗಸ್ ಅನ್ನುವ ನರ ಬಡಿತಕ್ಕೆ ಬ್ರೇಕ್ ಇದ್ದ ಹಾಗೆ. ಓಡುವಾಗ ಬ್ರೇಕ್ ಬಿಟ್ಟಿರುತ್ತದೆ, ನಿಂತ ಕೂಡಲೇ ಮತ್ತೆ ಹಿಡಿಯುತ್ತದೆ. ನಾವು ಅಳೆಯುವುದು ಆ ಬ್ರೇಕ್ ಎಷ್ಟು ಬೇಗ ಹಿಡಿಯಿತು ಅನ್ನುವುದನ್ನು. ಸಂಪಾಜೆ ಘಾಟಿ ಇಳಿದು ಗೊತ್ತಿರುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದ ಹಾಗೆ, ‘ನಿಮಿಷಕ್ಕೆ 12 ಅಥವಾ ಅದಕ್ಕಿಂತ ಕಡಿಮೆ ಇಳಿದರೆ ಅಪಾಯ’ ಅಂತ ವಾಟ್ಸಾಪಿನಲ್ಲಿ ಓದಿದವರಿದ್ದರೆ, ಅದು 1999ರಲ್ಲಿ ಅಮೆರಿಕದಲ್ಲಿ ದೊಡ್ಡವರ ಮೇಲೆ ನಡೆದ ಅಧ್ಯಯನದ ಅಂಕಿ. ಮಕ್ಕಳಿಗೆ ಹಚ್ಚಬೇಡಿ.

ಇನ್ನೊಂದು ಪದ ‘ಬೊಜ್ಜು’. ಇದು ನನಗೆ ನಡುವಯಸ್ಸಿನ ಗಂಡಸರ ಹೊಟ್ಟೆಯನ್ನೇ ಕಣ್ಣಮುಂದೆ ತರುತ್ತದೆ, ನನ್ನದೂ ಸೇರಿ. ‘ಸ್ಥೂಲಕಾಯ’ ಅಂದರೆ ಅರ್ಧ ಜನಕ್ಕೆ ತಲೆಗೆ ಹೋಗುವುದಿಲ್ಲ. ‘ಮಗುವಿಗೆ ಕೊಬ್ಬು ಜಾಸ್ತಿ’ ಅಂತ ಬರೆದರೆ ಜಗಳವೇ ಆದೀತು. ಅಜ್ಜಿಯಂದಿರ ಬಾಯಲ್ಲಿ ‘ಮೈ ಕೈ ತುಂಬಿಕೊಂಡಿದೆ’ ಅನ್ನುವುದು ಹೊಗಳಿಕೆ, ಅದನ್ನು ದೂರಾಗಿ ಬಳಸಲು ಆಗುವುದಿಲ್ಲ. ದೊಡ್ಡವರ ಹಾಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 30 ದಾಟಿತು ಅಂತ ಗೆರೆ ಎಳೆಯಲೂ ಬರುವುದಿಲ್ಲ. ಮಕ್ಕಳಲ್ಲಿ ವಯಸ್ಸು ನೋಡಿ, ಗಂಡೋ ಹೆಣ್ಣೋ ನೋಡಿ ಹೋಲಿಸಬೇಕು. ಹಾಗಾಗಿ ‘ವಯಸ್ಸಿಗೆ ಮೀರಿದ ಮೈಭಾರ’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರಿಗೂ ಚುಚ್ಚುವುದಿಲ್ಲ ಅಂದುಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆ. ‘ಹದಕ್ಕೆ ಬರುವುದು’ ನಿಮ್ಮ ಕಡೆ ಸರಿಯಾಗಿ ಕೇಳುತ್ತದೆಯೇ, ಇಲ್ಲ ಅಡುಗೆಮನೆಯ ಪಾಕದಂತೆ ಕೇಳುತ್ತದೆಯೇ? ಕೊಡವ ತಕ್ಕ್ ಅಥವಾ ಅರೆಭಾಷೆ ಮನೆಮಾತಾಗಿರುವವರು ಗುಡ್ಡ ಹತ್ತಿ ನಿಂತಾಗ ಏನಂತೀರಿ? ಮಳೆ ಬಿಟ್ಟು ಮೈದಾನ ಒಣಗಿದ ಮೇಲೆ ಮತ್ತೆ ಓಡಿಸಿ ಎಣಿಸುವುದಿದೆ, ಅಷ್ಟರೊಳಗೆ ಹಾಳೆ ಅಚ್ಚಿಗೆ ಹೋಗಬೇಕು. ಆ ಹುಡುಗ ಈಗ ಏಳನೇ ಕ್ಲಾಸು. ಮೊನ್ನೆ ಬಂದು, “ಸಾರ್, ಈ ಸಲ ಚೇತರಿಕೆ ಅಂತ ಬರೀಬೇಡಿ, ಅಮ್ಮ ಹಾಕಿಗೆ ಬಿಡಲ್ಲ” ಅಂದ.